ಕಂಪನಿ ಬಾಗಿಲು ಹಾಕಿತು, ಖಾತೆಯಲ್ಲಿದ್ದ 431 ಪೌಂಡ್ ಎಲ್ಲಿ ಹೋಯ್ತು?

ಬ್ರಿಟನ್ನಿನಲ್ಲಿ ಮನೆಗೆ ಗ್ಯಾಸು, ಕರೆಂಟು ಮಾರುವ ಕಂಪನಿ ದಿವಾಳಿಯಾದರೆ ನಿಮ್ಮ ಖಾತೆಯಲ್ಲಿ ಜಮಾ ಇದ್ದ ಹಣ ಮುಳುಗುವುದಿಲ್ಲ. ಇದು ಮೊದಲೇ ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್‌ನಲ್ಲಿ ಈ ವ್ಯವಹಾರ ನೋಡಿಕೊಳ್ಳುವುದು ಆಫ್‌ಜೆಮ್ ಎಂಬ ನಿಯಂತ್ರಣ ಸಂಸ್ಥೆ. ಮನೆ ಗ್ರಾಹಕರ ಜಮಾ ಹಣಕ್ಕೆ ಅದರ ರಕ್ಷಣೆ ಇದೆ.

ಉಳಿದರ್ಧ ಗಾಬರಿಗೆ ಕಾರಣ ಬೇರೆ. ಹಣ ಸೇಫ್, ಸರಿ. ಎಷ್ಟು ಹಣ? ಮುಚ್ಚಿಹೋದ ಕಂಪನಿಯ ಕಂಪ್ಯೂಟರ್ ಒಂದು ಲೆಕ್ಕ ಹೇಳುತ್ತದೆ, ಬ್ಯಾಂಕ್ ಸ್ಟೇಟ್‌ಮೆಂಟ್ ಇನ್ನೊಂದು ಹೇಳುತ್ತದೆ, ಗೋಡೆಯ ಮೇಲಿನ ಮೀಟರ್ ಮತ್ತೊಂದು. ಈ ಮೂರನ್ನೂ ಹೊಂದಿಸಿ ತೋರಿಸುವ ಕೆಲಸ ಕೊನೆಗೆ ಮನೆಯವರ ಮೇಲೇ ಬೀಳುತ್ತದೆ. 2021ರಲ್ಲಿ ರೆಡಿಂಗ್ ಊರಿನ ಒಂದು ಕನ್ನಡದ ಮನೆಯಲ್ಲಿ ಇದು ಹೇಗೆ ನಡೆಯಿತು ಅಂತ ಇಲ್ಲಿ ಪೂರ್ತಿ ಬರೆಯುತ್ತೇನೆ. ಅವರ ಕಾಗದಪತ್ರವನ್ನೆಲ್ಲ ಜೊತೆಗೆ ಕೂತು ನೋಡಿದ್ದೇನೆ. ಮನೆಯವರ ಹೆಸರಾಗಲಿ ಕಂಪನಿಯ ಹೆಸರಾಗಲಿ ಇಲ್ಲಿ ಬೇಡ. ಅಕ್ಕ, ಭಾವ ಅನ್ನುತ್ತೇನೆ, ನಾವು ಅವರನ್ನು ಕರೆಯುವುದೂ ಹಾಗೆಯೇ.

ಮೊದಲು ಆ ವರ್ಷದ ಪರಿಸ್ಥಿತಿ ಸ್ವಲ್ಪ. 2021ರ ಸೆಪ್ಟೆಂಬರ್ ಹೊತ್ತಿಗೆ ಗ್ಯಾಸಿನ ಸಗಟು ಬೆಲೆ ಜನವರಿಯ ಮೂರು ಪಟ್ಟು ದಾಟಿತ್ತು. ಆದರೆ ಮನೆಗಳಿಗೆ ಮಾರುವ ದರಕ್ಕೆ ಆಫ್‌ಜೆಮ್ ಹಾಕಿದ ಮಿತಿ ಇತ್ತು, ಅದನ್ನೇ ಎಲ್ಲರೂ ಪ್ರೈಸ್ ಕ್ಯಾಪ್ ಅನ್ನುವುದು. ಒಂದು ಸಾಮಾನ್ಯ ಮನೆಗೆ ವರ್ಷಕ್ಕೆ 1,277 ಪೌಂಡ್, ಅಕ್ಟೋಬರ್ 1ರಿಂದ. ಮುಂದಿನ ಚಳಿಗಾಲದ ಗ್ಯಾಸನ್ನು ಮುಂಚೆಯೇ ಕೊಂಡಿಟ್ಟುಕೊಳ್ಳದೆ ಅಗ್ಗದ ಫಿಕ್ಸೆಡ್ ದರ ಮಾರಿದ್ದ ಸಣ್ಣ ಕಂಪನಿಗಳು ಜಾಸ್ತಿ ಬೆಲೆಗೆ ಕೊಂಡು ಕಡಿಮೆಗೆ ಮಾರುವ ಸ್ಥಿತಿಗೆ ಬಂದವು. ಸೆಪ್ಟೆಂಬರ್ 14ಕ್ಕೆ ಯುಟಿಲಿಟಿ ಪಾಯಿಂಟ್ ಮತ್ತು ಪೀಪಲ್ಸ್ ಎನರ್ಜಿ ಹೋದವು. 22ಕ್ಕೆ ಅವ್ರೋ ಮತ್ತು ಗ್ರೀನ್. ಅವ್ರೋ ಒಂದರಲ್ಲೇ ಸುಮಾರು 5.8 ಲಕ್ಷ ಗ್ರಾಹಕರಿದ್ದರು. 29ಕ್ಕೆ ಇಗ್ಲೂ, ಸಿಂಬಿಯೊ, ಎನ್‌ಸ್ಟ್ರೋಗ. ದಿನಾ ಬೆಳಗ್ಗೆ ಸುದ್ದಿ ನೋಡಿದರೆ ಇವತ್ತು ಯಾವುದು ಅನ್ನುವಂತಾಗಿತ್ತು.

ಅಕ್ಕ-ಭಾವನ ಕಂಪನಿ ಹೋದದ್ದೂ ಅದೇ ಸೆಪ್ಟೆಂಬರಿನಲ್ಲಿ.

ಅವರ ಮನೆಗೆ ಗ್ಯಾಸು, ಕರೆಂಟು ಎರಡೂ ಒಂದೇ ಕಂಪನಿಯಿಂದ. ತಿಂಗಳಿಗೆ 118 ಪೌಂಡ್ ಡೈರೆಕ್ಟ್ ಡೆಬಿಟ್, ಪ್ರತಿ ತಿಂಗಳ 15ಕ್ಕೆ ಬ್ಯಾಂಕಿನಿಂದ ತಾನೇ ಕಟ್ ಆಗುತ್ತಿತ್ತು. ಆಗಸ್ಟ್ 31ರ ಬಿಲ್ಲಿನಲ್ಲಿ 340 ಪೌಂಡ್ ಜಮಾ ಅಂತ ಇತ್ತು. ಊರಿನಿಂದ ಬಂದವರಿಗೆ ಇದು ಮೊದಮೊದಲು ಅರ್ಥವಾಗುವುದಿಲ್ಲ. ಬೆಸ್ಕಾಂ, ಹೆಸ್ಕಾಂ ಬಿಲ್ಲಿನಲ್ಲಿ ನಾವು ಮೊದಲು ಬಳಸುತ್ತೇವೆ, ಆಮೇಲೆ ಕಟ್ಟುತ್ತೇವೆ. ಇಲ್ಲಿ ವರ್ಷದ ಅಂದಾಜು ಖರ್ಚನ್ನು 12ರಿಂದ ಭಾಗಿಸಿ ತಿಂಗಳು ತಿಂಗಳು ಒಂದೇ ಮೊತ್ತ ತೆಗೆದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಹೀಟಿಂಗ್ ಹಾಕುವುದೇ ಇಲ್ಲ, ಹಾಗಾಗಿ ಹಣ ಉಳಿಯುತ್ತಾ ಹೋಗುತ್ತದೆ. ಡಿಸೆಂಬರ್, ಜನವರಿ, ಫೆಬ್ರವರಿಯಲ್ಲಿ ಬಾಯ್ಲರ್ ಓಡಿ ಓಡಿ ಅದೆಲ್ಲ ಕರಗುತ್ತದೆ. ಅಂದರೆ ಜಮಾ ಹಣ ವರ್ಷದಲ್ಲೇ ಅತಿ ಹೆಚ್ಚು ಇರುವುದು ಸೆಪ್ಟೆಂಬರ್ ಆಸುಪಾಸಿನಲ್ಲಿ. ಕಂಪನಿಗಳು ಬಿದ್ದದ್ದೂ ಸರಿಯಾಗಿ ಆಗಲೇ. ಲಕ್ಷಾಂತರ ಮನೆಗಳ ಬೇಸಿಗೆಯ ಉಳಿತಾಯ ಆಗ ಆ ಕಂಪನಿಗಳ ಹೆಸರಿನಲ್ಲಿತ್ತು.

ಸುದ್ದಿ ಬಂದ ಸಂಜೆ ಭಾವನಿಗೆ ಮೂರು ಯೋಚನೆ ಬಂದವು. ಡೈರೆಕ್ಟ್ ಡೆಬಿಟ್ ಈಗಲೇ ಕ್ಯಾನ್ಸಲ್ ಮಾಡಬೇಕು. ಇವತ್ತೇ ಬೇರೆ ಕಂಪನಿಗೆ ಹೋಗಬೇಕು. ಬ್ಯಾಂಕಿಗೆ ಫೋನ್ ಮಾಡಿ ಕಳೆದ ತಿಂಗಳುಗಳ ಹಣ ವಾಪಸ್ ಕೇಳಬೇಕು. ಇವು ಯಾರಿಗಾದರೂ ಬರುವ ಯೋಚನೆಗಳೇ, ತಪ್ಪು ಹಿಡಿಯುವ ಹಾಗಿಲ್ಲ. ಆದರೆ ಅವತ್ತು ಮೂರನ್ನೂ ಮಾಡದೆ ಇದ್ದದ್ದೇ ಒಳ್ಳೆಯದಾಯಿತು.

ಅಕ್ಕನ ಚಿಂತೆ ಇನ್ನೊಂದು. "ರಾತ್ರಿ ಕರೆಂಟ್ ಹೋಗಿಬಿಟ್ರೆ?" ಅಂದರು. ಮನೆಯಲ್ಲಿ ಮಗು ಬೇರೆ. ಕರೆಂಟು ಹೋಗುವುದಿಲ್ಲ, ಏಕೆಂದರೆ ಬಿಲ್ ಕಳಿಸುವ ಕಂಪನಿಗೂ ಮನೆಗೆ ಬರುವ ತಂತಿಗೂ ಸಂಬಂಧ ಇಲ್ಲ. ರೆಡಿಂಗ್ ಕಡೆ ತಂತಿ ಎಸ್‌ಎಸ್‌ಇಎನ್ ಎಂಬ ಬೇರೆ ಕಂಪನಿಯದು, ಗ್ಯಾಸ್ ಪೈಪು ಎಸ್‌ಜಿಎನ್ ಎಂಬ ಇನ್ನೊಂದರದು. ಬೆಸ್ಕಾಂನಲ್ಲಿ ಕಂಬ, ತಂತಿ, ಬಿಲ್ ಎಲ್ಲ ಒಬ್ಬರದೇ ಆದ್ದರಿಂದ ನಮಗೆ ಈ ಭಯ ಸಹಜ. ಇಲ್ಲಿ ಮುಳುಗಿದ್ದು ಲೆಕ್ಕ ಬರೆಯುವ ಕಂಪನಿ ಮಾತ್ರ.

ಹಾಗಾದರೆ ಅವತ್ತು ಸಂಜೆ ಮಾಡಿದ್ದೇನು? "ಅಕ್ಕಾ, ಬೇರೆಲ್ಲ ಆಮೇಲೆ, ಮೊದಲು ಎರಡೂ ಮೀಟರ್ ಫೋಟೊ ತೆಗೀರಿ, ಅಂಕಿ ಮತ್ತೆ ಮೀಟರ್ ನಂಬರ್ ಎರಡೂ ಕಾಣಬೇಕು" ಅಂದೆ. ಕರೆಂಟ್ ಮೀಟರ್ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ, ಗ್ಯಾಸ್ ಮೀಟರ್ ಹೊರಗೋಡೆಯ ಪೆಟ್ಟಿಗೆಯಲ್ಲಿ. ಫೋನಿನಲ್ಲಿ ತೆಗೆದ ಫೋಟೊಗೆ ತಾರೀಕು, ಸಮಯ ತಾನೇ ದಾಖಲಾಗುತ್ತದೆ. ಆಮೇಲೆ ಕಂಪನಿಯ ವೆಬ್‌ಸೈಟಿಗೆ ಹೋಗಿ ಅಲ್ಲಿದ್ದ ಬಿಲ್ಲುಗಳನ್ನೆಲ್ಲ ಪಿಡಿಎಫ್ ಇಳಿಸಿಕೊಂಡರು. ಜಮಾ ತೋರಿಸುವ ಪುಟದ ಸ್ಕ್ರೀನ್‌ಶಾಟ್, ದರ ಎಷ್ಟು ಅಂತ ಇರುವ ಪುಟದ ಸ್ಕ್ರೀನ್‌ಶಾಟ್, ಬ್ಯಾಂಕಿನಿಂದ ಒಂದು ವರ್ಷದ ಸ್ಟೇಟ್‌ಮೆಂಟ್. ಒಂದು ಗಂಟೆಯೊಳಗಿನ ಕೆಲಸ. ಕೆಲವು ವಾರ ಕಳೆದ ಮೇಲೆ ಆ ಲಾಗಿನ್ ತೆರೆಯಲೇ ಇಲ್ಲ. ಆ ಸಂಜೆ ಇಳಿಸಿಕೊಳ್ಳದೆ ಇದ್ದಿದ್ದರೆ ಮುಂದಿನ ಕತೆ ಬೇರೆಯಾಗುತ್ತಿತ್ತು.

ಕಾಯುವುದು ಯಾಕೆ ಅಂತ ಭಾವ ಕೇಳಿದರು. ನ್ಯಾಯವಾದ ಪ್ರಶ್ನೆ. ಕಂಪನಿ ಬಿದ್ದ ಕೂಡಲೇ ಆಫ್‌ಜೆಮ್ ಉಳಿದ ಕಂಪನಿಗಳನ್ನು ಕರೆದು, ಈ ಗ್ರಾಹಕರನ್ನು ಯಾರು ತೆಗೆದುಕೊಳ್ಳುತ್ತೀರಿ, ಯಾವ ಷರತ್ತಿಗೆ ಅಂತ ಕೇಳುತ್ತದೆ. ಕೆಲವೇ ದಿನದಲ್ಲಿ ಒಂದನ್ನು ಆರಿಸುತ್ತದೆ. ಅವ್ರೋ ಗ್ರಾಹಕರು ಆಕ್ಟೋಪಸ್‌ಗೆ ಹೋದದ್ದು, ಗ್ರೀನ್ ಗ್ರಾಹಕರು ಶೆಲ್‌ಗೆ, ಪೀಪಲ್ಸ್ ಎನರ್ಜಿಯವರು ಬ್ರಿಟಿಷ್ ಗ್ಯಾಸ್‌ಗೆ, ಯುಟಿಲಿಟಿ ಪಾಯಿಂಟ್‌ನವರು ಇಡಿಎಫ್‌ಗೆ ಹೋದದ್ದು ಎಲ್ಲ ಹೀಗೆಯೇ. ಹೀಗೆ ನೇಮಕವಾದ ಕಂಪನಿಗೆ ಕೊನೆಯ ಆಸರೆಯ ಸರಬರಾಜುದಾರ ಅನ್ನಬಹುದು. ಹಳೆಯ ಖಾತೆಯ ಜಮಾ ಹಣವನ್ನು ಒಪ್ಪಿಕೊಳ್ಳುವುದು ಅವರ ಜವಾಬ್ದಾರಿಯಾಗುತ್ತದೆ. ಆ ನೇಮಕಕ್ಕೂ ಮುಂಚೆ ನೀವೇ ಬೇರೆ ಕಡೆ ಹೊರಟುಬಿಟ್ಟರೆ ನಿಮ್ಮ ಹಣ ಯಾರ ಲೆಕ್ಕದಲ್ಲಿದೆ ಎಂದು ಹುಡುಕುವುದೇ ಕಷ್ಟವಾಗುತ್ತದೆ. ಜನರಿಗೆ ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆ ಕೂಡ ಇದನ್ನೇ ಹೇಳುತ್ತದೆ: ಹೊಸ ಕಂಪನಿಗೆ ಖಾತೆ ಸೇರುವ ತನಕ ಸ್ವಿಚ್ ಮಾಡಬೇಡಿ, ಡೈರೆಕ್ಟ್ ಡೆಬಿಟ್ ನಿಲ್ಲಿಸುವುದಿದ್ದರೂ ಹೊಸ ಖಾತೆ ತೆರೆದ ಮೇಲೆ ನಿಲ್ಲಿಸಿ. ಸೇರಿದ ಮೇಲೆ ಬೇಕಾದರೆ ಮರುದಿನವೇ ಬೇರೆ ಕಡೆ ಹೋಗಬಹುದು, ಅದಕ್ಕೆ ದಂಡ ಇಲ್ಲ.

ಇನ್ನು ಬ್ಯಾಂಕಿನಿಂದ ವಾಪಸ್ ಕೇಳುವ ವಿಷಯ. ಡೈರೆಕ್ಟ್ ಡೆಬಿಟ್ ಗ್ಯಾರಂಟಿ ಇರುವುದು ತಪ್ಪು ಮೊತ್ತ ಅಥವಾ ತಪ್ಪು ದಿನದಲ್ಲಿ ಹಣ ತೆಗೆದರೆ ಅಂತ. ಒಪ್ಪಿಕೊಂಡ 118 ಪೌಂಡನ್ನು ಒಪ್ಪಿಕೊಂಡ ದಿನವೇ ತೆಗೆದರೆ ಅದರಲ್ಲಿ ತಪ್ಪೇನಿಲ್ಲ. ಸುಮ್ನೆ ವಾಪಸ್ ಎಳೆದುಕೊಂಡರೆ ಜಮಾ ಇದ್ದ ಖಾತೆ ಬಾಕಿ ಖಾತೆಯಾಗಿ ಕಾಣುತ್ತದೆ, ಆಮೇಲೆ ದಿವಾಳಿ ವ್ಯವಹಾರ ನೋಡಿಕೊಳ್ಳುವವರು ಪತ್ರ ಬರೆದು ಕೇಳಲು ಶುರುಮಾಡುತ್ತಾರೆ.

ಕೆಲವೇ ದಿನದಲ್ಲಿ ಹೊಸ ಕಂಪನಿ ಯಾವುದು ಅಂತ ಘೋಷಣೆ ಬಂತು. ಅಕ್ಕ ಆ ದಿನದ ಮೀಟರ್ ಅಂಕಿಯನ್ನೂ ಫೋಟೊ ತೆಗೆದಿಟ್ಟರು. ಹೊಸ ಕಂಪನಿಯ ಪತ್ರ ಬರಲು ಮತ್ತೆ ಕೆಲವು ವಾರ ಹಿಡಿಯಿತು. ಈ ನಡುವೆ ಒಂದು ಫೋನ್ ಬಂತು, ನಿಮ್ಮ ರಿಫಂಡ್ ತಯಾರಿದೆ, ಕಾರ್ಡ್ ನಂಬರ್ ಹೇಳಿ ಅಂತ. ಅಕ್ಕ ಫೋನ್ ಇಟ್ಟುಬಿಟ್ಟರು. ಜಮಾ ಹಣ ಸಿಗಲು ಕಾರ್ಡ್ ನಂಬರ್ ಬೇಕಾಗುವುದೇ ಇಲ್ಲ, ಅದು ಹೊಸ ಖಾತೆಗೆ ತಾನೇ ಬಂದು ಸೇರುತ್ತದೆ.

ಈಗ ಅಸಲಿ ವಿಷಯ, ಲೆಕ್ಕ.

ಹೊಸ ಖಾತೆ ಮೊದಲು ಸೊನ್ನೆ ತೋರಿಸಿತು. ಇದಕ್ಕೆ ಹೆದರಬೇಕಾಗಿಲ್ಲ. ಹಳೆಯ ಕಂಪನಿಯ ಲೆಕ್ಕ ಮುಗಿದು, ಕೊನೆಯ ಬಿಲ್ ಆಗಿ, ಆ ಮಾಹಿತಿ ದಾಟಿ ಬರಲು ತಿಂಗಳುಗಳೇ ಬೇಕಾಗುತ್ತವೆ. ಅಷ್ಟರಲ್ಲಿ ನಾವು ಕೂತು ನಮ್ಮದೇ ಲೆಕ್ಕ ಹಾಕಿದೆವು. ಆಗಸ್ಟ್ 31ಕ್ಕೆ ಜಮಾ 340. ಸೆಪ್ಟೆಂಬರ್ 15ಕ್ಕೆ ಕಟ್ ಆದದ್ದು 118, ಬ್ಯಾಂಕಿನಲ್ಲಿ ಸ್ಪಷ್ಟವಾಗಿ ಇದೆ. ಸೆಪ್ಟೆಂಬರ್ 1ರಿಂದ ಖಾತೆ ಬದಲಾದ ದಿನದವರೆಗೆ ಬಳಸಿದ ಗ್ಯಾಸು, ಕರೆಂಟಿಗೆ ಸುಮಾರು 48.

ಇದರ ಜೊತೆ ಇನ್ನೊಂದು ಗಂಟು ಇತ್ತು. ಅವರದು ಮೊದಲ ತಲೆಮಾರಿನ ಸ್ಮಾರ್ಟ್ ಮೀಟರ್, ಹಿಂದೆ ಒಮ್ಮೆ ಕಂಪನಿ ಬದಲಿಸಿದಾಗ ಅದು ತಾನೇ ರೀಡಿಂಗ್ ಕಳಿಸುವುದನ್ನು ನಿಲ್ಲಿಸಿತ್ತು. ಆ ಕಾಲದ ತುಂಬಾ ಮೀಟರ್‌ಗಳಿಗೆ ಇದೇ ಆಯಿತು. ಹಾಗಾಗಿ ಬೇಸಿಗೆಯ ಬಿಲ್ಲುಗಳೆಲ್ಲ ಅಂದಾಜಿನ ಮೇಲೆ. ಅಂಕಿಯ ಪಕ್ಕದಲ್ಲಿ ಚಿಕ್ಕದಾಗಿ 'ಅಂದಾಜು' ಅಂತ ಇರುತ್ತದೆ, ಯಾರು ನೋಡುತ್ತಾರೆ? ಫೋಟೊದಲ್ಲಿದ್ದ ನಿಜವಾದ ಅಂಕಿಗೆ ಹೋಲಿಸಿದರೆ ಕಂಪನಿ 60 ಘನಮೀಟರ್ ಗ್ಯಾಸು ಜಾಸ್ತಿ ಅಂದಾಜು ಮಾಡಿತ್ತು. ಒಂದು ಘನಮೀಟರ್ ಅಂದರೆ ಹತ್ತಿರಹತ್ತಿರ 11.2 ಯೂನಿಟ್, ಅಂದರೆ 672 ಯೂನಿಟ್. ಅವರ ಹಳೆಯ ದರ ಯೂನಿಟ್ಟಿಗೆ 3 ಪೆನ್ಸ್, 5 ಪರ್ಸೆಂಟ್ ವ್ಯಾಟ್ ಸೇರಿಸಿದರೆ ಸುಮಾರು 21 ಪೌಂಡ್. ಅದೂ ಇವರಿಗೇ ಬರಬೇಕು.

340 ಪ್ಲಸ್ 118, ಅದರಲ್ಲಿ 48 ಕಳೆದು, 21 ಕೂಡಿಸಿದರೆ 431.

ಡಿಸೆಂಬರಿನಲ್ಲಿ ಹೊಸ ಖಾತೆಗೆ ಜಮಾ ಬಂತು. 313 ಪೌಂಡ್.

ಭಾವನಿಗೆ ಮೊದಲು ಖುಷಿಯೇ ಆಯಿತು, ಬಂತಲ್ಲಾ ಅಂತ. ಲೆಕ್ಕ ಹಾಕಿ ಇಟ್ಟುಕೊಳ್ಳದ ಮನೆಯಲ್ಲಿ ವಿಷಯ ಅಲ್ಲಿಗೇ ಮುಗಿದುಹೋಗುತ್ತದೆ. 431ಕ್ಕೂ 313ಕ್ಕೂ ವ್ಯತ್ಯಾಸ 118. ನೋಡಿದ ತಕ್ಷಣ ಹೊಳೆಯುತ್ತದೆ, ಸೆಪ್ಟೆಂಬರ್ 15ರ ಕಂತು ಹಳೆಯ ಕಂಪನಿಯ ಲೆಕ್ಕಕ್ಕೆ ಏರಿಲ್ಲ. ಕಂಪನಿ ಬೀಳುವ ಹೊತ್ತಿನಲ್ಲಿ ಬ್ಯಾಂಕಿನಿಂದ ಹೊರಟ ಹಣ, ಅವರ ಪುಸ್ತಕದಲ್ಲಿ ಬರೆಯುವವರು ಯಾರೂ ಇರಲಿಲ್ಲ ಅನ್ನಿ. ಯಾರೋ ಬೇಕಂತಲೇ ಮಾಡಿದ್ದು ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಕೇಳದೆ ಇದ್ದರೆ ಅದು ತಾನಾಗಿ ಸರಿಹೋಗುತ್ತಿರಲಿಲ್ಲ ಅನ್ನುವುದೂ ನಿಜ.

ಅಕ್ಕ ಹೊಸ ಕಂಪನಿಗೆ ಇಮೇಲ್ ಬರೆದರು. ಉದ್ದ ಬರೆಯಲಿಲ್ಲ, ಕೋಪ ತೋರಿಸಲಿಲ್ಲ. ಆಗಸ್ಟ್ ಬಿಲ್, ಸೆಪ್ಟೆಂಬರ್ 15ರ ಸಾಲು ಇರುವ ಬ್ಯಾಂಕ್ ಸ್ಟೇಟ್‌ಮೆಂಟ್, ಮೀಟರ್ ಫೋಟೊ, ಮೇಲಿನ ನಾಲ್ಕು ಅಂಕಿಯ ಲೆಕ್ಕ, ಇಷ್ಟೇ. ಮತ್ತೆ "ಇದನ್ನು ಅಧಿಕೃತ ದೂರು ಎಂದು ದಾಖಲಿಸಿ" ಅಂತ ಒಂದು ಸಾಲು. ಈ ಸಾಲು ಮುಖ್ಯ. ದೂರು ಅಂತ ದಾಖಲಾದ ದಿನದಿಂದ ಎಂಟು ವಾರದೊಳಗೆ ಬಗೆಹರಿಯದೆ ಇದ್ದರೆ ಇಂಥ ದೂರು ತೀರ್ಮಾನಿಸುವ ಸ್ವತಂತ್ರ ಸಂಸ್ಥೆ ಎನರ್ಜಿ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಅಲ್ಲಿ ಖರ್ಚಿಲ್ಲ, ಅವರ ತೀರ್ಪು ನಾವು ಒಪ್ಪಿದರೆ ಕಂಪನಿ ಪಾಲಿಸಲೇಬೇಕು. ಸುಮ್ನೆ ವಿಚಾರಿಸುವ ಫೋನಿಗೆ ಆ ಗಡಿಯಾರ ಓಡುವುದಿಲ್ಲ. ಇವರಿಗೆ ಅಲ್ಲಿಯವರೆಗೆ ಹೋಗುವ ಅಗತ್ಯ ಬರಲಿಲ್ಲ. ಜನವರಿಯಲ್ಲಿ 118 ಪೌಂಡ್ ಖಾತೆಗೆ ಬಂತು.

ಇದೇ ಸಮಯದಲ್ಲಿ ಭಾವನ ತಮ್ಮನದು ಬೇರೆ ಥರದ ಪ್ರಶ್ನೆ. ಅವನೂ ಅದೇ ಕಂಪನಿಯಲ್ಲಿದ್ದ, ಆದರೆ ಆಗಸ್ಟಿನಲ್ಲೇ ಬೇರೆ ಕಡೆ ಹೋಗಿಬಿಟ್ಟಿದ್ದ, ಅವನಿಗೆ ಬರಬೇಕಾದ ಉಳಿಕೆ ಹಣ ಬಂದಿರಲಿಲ್ಲ. ತಾನು ಈಗ ಅವರ ಗ್ರಾಹಕನೇ ಅಲ್ಲವಲ್ಲ, ಹಣ ಹೋಯಿತು ಅಂತ ಕೂತಿದ್ದ. ಹಾಗಲ್ಲ. ಈಗಿನ ಗ್ರಾಹಕರದ್ದಷ್ಟೇ ಅಲ್ಲ, ಬಿಟ್ಟುಹೋದ ಮನೆ ಗ್ರಾಹಕರಿಗೆ ಕೊಡಬೇಕಾದ ಹಣವನ್ನೂ ಹೊಸ ಕಂಪನಿ ಕೊಡುತ್ತದೆ ಅಂತ ಆಗಿನ ಘೋಷಣೆಗಳಲ್ಲಿ ಇರುತ್ತಿತ್ತು. ಅವನು ಹಳೆಯ ಖಾತೆ ನಂಬರ್ ಮತ್ತು ಕೊನೆಯ ಬಿಲ್ ಕಳಿಸಿದ, ಹಣ ಬಂತು.

ಆದರೆ ಈ ರಕ್ಷಣೆ ಇರುವುದು ಮನೆ ಗ್ರಾಹಕರಿಗೆ. ಅಂಗಡಿ, ಹೋಟೆಲು ಅಂತ ಬಿಸಿನೆಸ್ ಒಪ್ಪಂದದಲ್ಲಿ ಇರುವವರಿಗೆ ಜಮಾ ಹಣ ವಾಪಸ್ ಸಿಕ್ಕೇ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಇಂಗ್ಲೆಂಡಿನಲ್ಲಿ ದೋಸೆ ಹೋಟೆಲೋ ದಿನಸಿ ಅಂಗಡಿಯೋ ನಡೆಸುವ ನಮ್ಮವರು ಇದನ್ನು ನೆನಪಿಡಬೇಕು. ಅವರ ಬಿಲ್ಲು ದೊಡ್ಡದು, ಜಮಾ ಬಿಡುವುದು ಇನ್ನೂ ಅಪಾಯ. ಹಾಗೆಯೇ ಖಾತೆಯಲ್ಲಿ ಜಮಾ ಬದಲು ಬಾಕಿ ಇದ್ದರೆ, ಕಂಪನಿ ಮುಚ್ಚಿತು ಅಂತ ಬಾಕಿ ಮಾಫಿ ಆಗುವುದಿಲ್ಲ, ಹೊಸ ಕಂಪನಿಗೋ ದಿವಾಳಿ ನೋಡಿಕೊಳ್ಳುವವರಿಗೋ ಕಟ್ಟಲೇಬೇಕು. ಉತ್ತರ ಐರ್ಲೆಂಡ್ ಆಫ್‌ಜೆಮ್ ಅಡಿಯಲ್ಲಿ ಬರುವುದಿಲ್ಲ, ಅಲ್ಲಿ ಬೇರೆ ಸಂಸ್ಥೆ. ಇನ್ನು ಕಂಪನಿ ತೀರಾ ದೊಡ್ಡದಾದರೆ ದಾರಿಯೂ ಬೇರೆ. 2021ರ ನವೆಂಬರಿನಲ್ಲಿ ಬಲ್ಬ್ ಎಂಬ ಕಂಪನಿ ಬಿದ್ದಾಗ ಅದರ 16 ಲಕ್ಷಕ್ಕೂ ಹೆಚ್ಚು ಗ್ರಾಹಕರನ್ನು ಒಂದೇ ಸಲ ಇನ್ನೊಬ್ಬರ ತಲೆಗೆ ಕಟ್ಟುವ ಹಾಗಿರಲಿಲ್ಲ. ಸರ್ಕಾರದ ಹಣದಲ್ಲಿ ಅದನ್ನು ವಿಶೇಷ ಆಡಳಿತದಡಿ ನಡೆಸಿದರು, ಖಾತೆಗಳು ಇದ್ದಲ್ಲೇ ಇದ್ದವು. ಒಂದು ವರ್ಷದ ಮೇಲೆ, 2022ರ ಡಿಸೆಂಬರಿನಲ್ಲಿ ಆಕ್ಟೋಪಸ್ ಅದನ್ನು ತೆಗೆದುಕೊಂಡಿತು.

ಹಳೆಯ ಕಂಪನಿಯಲ್ಲಿ ಇಲ್ಲದ ಆ ಹಣವನ್ನು ಹೊಸ ಕಂಪನಿ ಎಲ್ಲಿಂದ ತಂದಿತು ಅನ್ನುವುದನ್ನೂ ಹೇಳಬೇಕು. ಹೊಸ ಕಂಪನಿ ತನಗಾದ ಖರ್ಚನ್ನು ಒಂದು ಸುಂಕದ ಮೂಲಕ ಎಲ್ಲ ಗ್ರಾಹಕರಿಂದ ವಸೂಲಿ ಮಾಡಬಹುದು. ಅದು ತಂತಿ, ಪೈಪಿನ ಖರ್ಚಿನ ಜೊತೆ ಸೇರಿ ಕೊನೆಗೆ ಬಿಲ್ಲಿನ ಸ್ಟ್ಯಾಂಡಿಂಗ್ ಚಾರ್ಜಿನಲ್ಲಿ ಬರುತ್ತದೆ, ಒಂದು ಬಲ್ಬೂ ಹಾಕದೆ ಇದ್ದರೂ ದಿನಾ ಕಟ್ಟುವ ಮೊತ್ತ ಅದು. 2022ರ ಜೂನಿನಲ್ಲಿ ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಕೊಟ್ಟ ವರದಿಯಂತೆ ಬಲ್ಬ್ ಬಿಟ್ಟು ಉಳಿದ 28 ಕಂಪನಿಗಳ ದಿವಾಳಿಯಿಂದ ಗ್ರಾಹಕರ ಮೇಲೆ ಬಿದ್ದ ಹೊರೆ 2.7 ಬಿಲಿಯನ್ ಪೌಂಡ್, ಮನೆಗೆ ಸುಮಾರು 94 ಪೌಂಡ್. ಅದರಲ್ಲಿ ದೊಡ್ಡ ಪಾಲು ಆ ಗ್ರಾಹಕರಿಗೆ ದುಬಾರಿ ಗ್ಯಾಸು, ಕರೆಂಟು ಕೊಂಡುಕೊಟ್ಟ ಖರ್ಚು, ಜಮಾ ಹಣ ಒಂದು ಭಾಗ. ಅಕ್ಕನಿಗೆ 431 ಪೂರ್ತಿ ಸಿಕ್ಕಿತು ನಿಜ, ಆದರೆ ಅದನ್ನು ತುಂಬಿಕೊಟ್ಟವರಲ್ಲಿ ಅಕ್ಕನೂ ಒಬ್ಬರು, ನಾನೂ ಒಬ್ಬ, ಒಂದೇ ಕೋಣೆಯಲ್ಲಿ ಹೀಟಿಂಗ್ ಹಾಕಿಕೊಂಡು ಕೂತಿದ್ದ ಮುದುಕರೂ ಸೇರಿದ್ದರು.

ಇದು ನನಗೆ ಈಗಲೂ ಸರಿ ಕಾಣುವುದಿಲ್ಲ. ಗ್ರಾಹಕರು ಚಳಿಗಾಲಕ್ಕೆ ಅಂತ ಮುಂಗಡ ಕೊಟ್ಟ ಹಣವನ್ನು ಕೆಲವು ಕಂಪನಿಗಳು ತಮ್ಮ ದಿನನಿತ್ಯದ ಬಂಡವಾಳದ ಹಾಗೆ ಬಳಸಿಕೊಂಡವು, ಆಫ್‌ಜೆಮ್ ಕೂಡ ಇದನ್ನು ಒಪ್ಪಿಕೊಂಡಿದೆ. ಆ ಹಣವನ್ನು ಪ್ರತ್ಯೇಕವಾಗಿ ಇಡಲೇಬೇಕು ಅಂತ ಎಲ್ಲ ಕಂಪನಿಗಳಿಗೂ ಕಡ್ಡಾಯ ಮಾಡುವ ಮಾತು ನಡೆಯಿತು. 2023ರಲ್ಲಿ ಆಫ್‌ಜೆಮ್ ಅಷ್ಟು ದೂರ ಹೋಗಲಿಲ್ಲ. ಅಗತ್ಯ ಕಂಡಾಗ ಒಂದು ಕಂಪನಿಗೆ ಹಾಗೆ ಆದೇಶ ಕೊಡುವ ಅಧಿಕಾರ ಇಟ್ಟುಕೊಂಡಿತು, ಜೊತೆಗೆ ಕಂಪನಿಗಳು ಸ್ವಂತ ಬಂಡವಾಳ ಇಟ್ಟುಕೊಳ್ಳಬೇಕು ಅಂತ ನಿಯಮ ತಂದಿತು. 2025ರ ಮಾರ್ಚ್ ಕೊನೆಯಿಂದ ಗ್ಯಾಸು, ಕರೆಂಟು ಎರಡೂ ಪಡೆಯುವ ಒಬ್ಬ ಗ್ರಾಹಕನಿಗೆ 115 ಪೌಂಡ್ ಲೆಕ್ಕದಲ್ಲಿ. ಮೊದಲಿಗಿಂತ ವಾಸಿ. ಪ್ರತ್ಯೇಕ ಇಡುವುದೇ ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ಜಮಾ ಚಿಕ್ಕದಿಟ್ಟುಕೊಳ್ಳುವುದು ನಮ್ಮ ಕೈಲಿದೆ. ಅಕ್ಕ ಈಗ ತಿಂಗಳ ಕೊನೆಗೆ ಮೀಟರ್ ಅಂಕಿ ತಾವೇ ಕಳಿಸುತ್ತಾರೆ, ಅಂದಾಜಿಗೆ ಜಾಗ ಬಿಡುವುದಿಲ್ಲ. ಸೆಪ್ಟೆಂಬರಿನಲ್ಲಿ ಎರಡು ತಿಂಗಳ ಕಂತಿನಷ್ಟು ಜಮಾ ಇದ್ದರೆ ಸುಮ್ಮನಿರುತ್ತಾರೆ, ಚಳಿಗಾಲಕ್ಕೆ ಅದು ಬೇಕು. ಏಪ್ರಿಲ್‌ನಲ್ಲಿ, ಚಳಿ ಕಳೆದ ಮೇಲೂ ಜಾಸ್ತಿ ಉಳಿದಿದ್ದರೆ ವಾಪಸ್ ಕೇಳುತ್ತಾರೆ. ಕೇಳಿದರೆ ಬೇಗ ಕೊಡಬೇಕು, ಕೊಡದಿದ್ದರೆ ಕಾರಣ ಹೇಳಬೇಕು ಅನ್ನುವುದು ಕಂಪನಿಯ ಲೈಸೆನ್ಸಿನ ಷರತ್ತಿನಲ್ಲೇ ಇದೆ. ಡೈರೆಕ್ಟ್ ಡೆಬಿಟ್ ಮೊತ್ತವನ್ನು ಹೇಗೆ ಲೆಕ್ಕ ಹಾಕಿದಿರಿ ಅಂತಲೂ ಕೇಳಬಹುದು. ಖಾತೆಯಲ್ಲಿ ಸಾಕಷ್ಟು ಜಮಾ ಇದ್ದರೂ ಕಂಪನಿ ಕಾರಣವಿಲ್ಲದೆ ತಿಂಗಳ ಕಂತು ಏರಿಸಲು ಹೊರಟರೆ ನಾನಾದರೆ ಅವತ್ತೇ ಬಿಲ್ಲುಗಳನ್ನು ಇಳಿಸಿಕೊಂಡು, ರೀಡಿಂಗ್ ಕೊಟ್ಟು, ಹೆಚ್ಚುವರಿ ಹಣ ವಾಪಸ್ ಕೇಳುತ್ತೇನೆ. ಮೊದಲೇ ಕಟ್ಟುವುದು ಬೇಡ ಅನ್ನುವವರು ಬಳಸಿದಷ್ಟಕ್ಕೇ ಪ್ರತಿ ತಿಂಗಳು ಕಟ್ಟುವ ಡೈರೆಕ್ಟ್ ಡೆಬಿಟ್ ಕೇಳಬಹುದು, ಕೆಲವು ಕಂಪನಿಗಳು ಕೊಡುತ್ತವೆ. ಆದರೆ ಜನವರಿಯ ಬಿಲ್ಲು ಜೋರಾಗಿ ಬರುತ್ತದೆ, ಅದಕ್ಕೆ ಹಣ ಬೇರೆ ಎತ್ತಿಡುವ ಶಿಸ್ತು ಇರಬೇಕು.

ಆ 431 ಪೌಂಡ್ 2022ರ ಮಾರ್ಚ್ ಬಿಲ್ ಬರುವ ಹೊತ್ತಿಗೆ ಖರ್ಚಾಗಿತ್ತು. ಏಪ್ರಿಲ್ 1ಕ್ಕೆ ಪ್ರೈಸ್ ಕ್ಯಾಪ್ 1,277ರಿಂದ 1,971 ಪೌಂಡಿಗೆ ಏರಿತು. ಹೊಸ ಕಂಪನಿ ಕಂತು ಏರಿಸುವ ಪತ್ರ ಕಳಿಸಿದಾಗ ಅಕ್ಕ ಒಪ್ಪುವ ಮುಂಚೆ ಅವತ್ತಿನ ರೀಡಿಂಗ್ ಕಳಿಸಿ, ಅದರ ಮೇಲೆ ಮತ್ತೆ ಲೆಕ್ಕ ಹಾಕಿ ಅಂತ ಬರೆದರು. ಹೊಸ ಲೆಕ್ಕದಲ್ಲಿ ಕಂತು ಅವರು ಮೊದಲು ಕೇಳಿದ್ದಕ್ಕಿಂತ ಕಡಿಮೆಗೆ ಬಂತು.